ನೀರು ಕುಡಿಯುವ ದೃಶ್ಯಗಳು

ಹಳೆಯ ಸಿನಿಮಾಗಳಲ್ಲಿ ಜನ ಎಷ್ಟು ನೀರು ಕುಡಿಯುತ್ತಾರೆ ಎಂಬುದನ್ನು ನೀವು ಗಮನಿಸಿರಲಿಕ್ಕಿಲ್ಲ. ಮೊದಲು ನಾನೂ ಗಮನಿಸಿರಲಿಲ್ಲ. ಹೊರಗಿನಿಂದ ಬಂದವನಿಗೆ ಚೊಂಬಿನಲ್ಲಿ ನೀರು, ಗದ್ದೆಯಲ್ಲಿರುವ ಗಂಡನಿಗೆ ಬುತ್ತಿಯ ಜೊತೆ ನೀರು, ಎಚ್ಚರ ತಪ್ಪಿದವಳ ಮುಖಕ್ಕೆ ನೀರು, ಸಾಯುವ ಅಪ್ಪನ ಬಾಯಿಗೆ ಚಮಚದಲ್ಲಿ ನೀರು. ನಾಯಕ ಬಾವಿಕಟ್ಟೆಗೆ ಬಂದು ಬೊಗಸೆ ಒಡ್ಡಿದರೆ ನಾಯಕಿ ಕೊಡದಿಂದ ಸುರಿಯುತ್ತಲೇ ಇರುತ್ತಾಳೆ. ಅವನು ಕುಡಿಯುವುದು ಬಿಟ್ಟು ಅವಳ ಮುಖ ನೋಡುತ್ತಾನೆ. ನೀರೆಲ್ಲ ಮೊಣಕೈಯಿಂದಿಳಿದು ನೆಲದ ಪಾಲು. ಹಿಂದೆ ಈ ದೃಶ್ಯ ಬಂದರೆ ನಗುತ್ತಿದ್ದೆ. ಈಗ ಸಿಟ್ಟು ಬರುತ್ತದೆ. ಕುಡಿಯುವುದಾದರೆ ಕುಡಿ ಮಾರಾಯಾ, ಇಲ್ಲವಾದರೆ ಕೊಡ ಕೆಳಗಿಡಲು ಹೇಳು ಎಂದು ಬಾಯಿಬಿಟ್ಟೇ ಬೈಯುತ್ತೇನೆ.

ನನ್ನ ಗಂಡನ ಎರಡೂ ಕಿಡ್ನಿಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಹಳದೀಪುರದಲ್ಲಿ ಬಸ್ಸು ಹತ್ತಿ ಹೊನ್ನಾವರದ ಆಸ್ಪತ್ರೆಗೆ ಹೋಗುತ್ತೇವೆ. ಅಲ್ಲಿ ಡಯಾಲಿಸಿಸ್ ಯಂತ್ರ ಅವರ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತದೆ. ಕುಡಿದ ನೀರು ಹೊರಗೆ ಹೋಗಲು ಅವರ ಮೈಯಲ್ಲಿ ಬೇರೆ ದಾರಿ ಇಲ್ಲ. ಹಾಗಾಗಿ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಗೆರೆ ಎಳೆದಿದ್ದಾರೆ. ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರೊಳಗೇ ಬರಬೇಕು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ತುಂಬಿಸಿ ಇಡುತ್ತೇನೆ, ಸಂಜೆಯೊಳಗೆ ಖಾಲಿಯಾಗಿರುತ್ತದೆ. ಆಮೇಲೆ ಅವರು ಬಾಯಿ ಮುಕ್ಕಳಿಸಿ ಉಗುಳುತ್ತಾರೆ, ಒಂದು ಚೂರು ಐಸನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಬೇಸಿಗೆಯಲ್ಲಿ ನಮ್ಮ ಕರಾವಳಿಯ ಸೆಕೆ ಹೇಗಿರುತ್ತದೆಂದು ನಾನು ವರ್ಣಿಸಬೇಕಾಗಿಲ್ಲ. ಮನೆಯ ಹಿಂದೆ ಬಾವಿ ಇದೆ, ಬಾವಿಯಲ್ಲಿ ನೀರಿದೆ. ಬಾಯಾರಿ ಕೂತ ಗಂಡನನ್ನು ನೋಡುತ್ತ ನಾನು ಹೊಲಿಗೆ ಮಶೀನು ತುಳಿಯುತ್ತೇನೆ. ಬೇರೆ ಏನೂ ನನ್ನ ಕೈಯಲ್ಲಿಲ್ಲ.

ಅವರು ಟೆಂಪೋ ಓಡಿಸುತ್ತಿದ್ದವರು. ಕುಮಟಾದಿಂದ ಭಟ್ಕಳದವರೆಗಿನ ರಸ್ತೆಯಲ್ಲಿ ಅವರಿಗೆ ಗೊತ್ತಿಲ್ಲದ ಮನೆಯಿಲ್ಲ, ಕೊಂಕಣಿ, ನವಾಯತಿ, ಉರ್ದು ಯಾವ ಭಾಷೆಯಲ್ಲಿ ಬೇಕಾದರೂ ಚೌಕಾಸಿ ಮಾಡಬಲ್ಲವರು. ಸ್ಟೇರಿಂಗ್ ಹಿಡಿಯುವ ಕೈಗೆ ಸೂಜಿ ಚುಚ್ಚಲು ಶುರುವಾದ ಮೇಲೆ ರಸ್ತೆ ಮುಗಿಯಿತು, ಟೀವಿ ಉಳಿಯಿತು. ಆಸ್ಪತ್ರೆಗೆ ಹೋಗದ ದಿನ ನಾವಿಬ್ಬರೂ ಸಿನಿಮಾ ನೋಡುತ್ತೇವೆ. ಟೀವಿಯಲ್ಲಿ ಹಳೆಯದು, ಮೊಬೈಲಿನಲ್ಲಿ ಹೊಸದು. ಅವರು ಸುಮ್ಮನೆ ನೋಡುತ್ತಾರೆ. ನಾನು ಜಗಳವಾಡುತ್ತ ನೋಡುತ್ತೇನೆ. ನನ್ನ ತವರು ಕರ್ಕಿ. ಯಕ್ಷಗಾನದ ಚೌಕಿಯ, ಅಂದರೆ ಬಣ್ಣದ ಮನೆಯ, ಪಕ್ಕದಲ್ಲಿ ಬೆಳೆದವರು ನಾವು. ನಮ್ಮಲ್ಲಿ ವೇಷ ಚೆನ್ನಾಗಿದ್ದರೆ ಸಾಲದು, ಮಾತೂ ಬರಬೇಕು. ಕುಣಿದು ಸುಸ್ತಾಗಿ ಮಾತು ನುಂಗಿದ ವೇಷಧಾರಿಯ ಬಗ್ಗೆ ಮಾರನೆಯ ದಿನ ಬಾವಿಕಟ್ಟೆಯಲ್ಲಿ ಹೆಂಗಸರೇ ತೀರ್ಪು ಕೊಡುತ್ತಿದ್ದರು. ಆ ಚಾಳಿ ನನ್ನನ್ನು ಬಿಟ್ಟಿಲ್ಲ.

ಹಾಗಾಗಿ ಹೊಸ ಸಿನಿಮಾಗಳ ಬಗ್ಗೆ ನನ್ನ ಮೊದಲ ತಕರಾರು ಮಾತಿನದೇ. ಪಿಸುಗುಡುತ್ತಾರೆ. ಏನು ಹೇಳಿದರೆಂದು ಕೇಳಲು ಸೌಂಡು ಹೆಚ್ಚಿಸಿದರೆ ಢಂ ಎಂದು ಬಾಂಬು ಬಿದ್ದು ಪಕ್ಕದ ಮನೆಯ ಕೊಂಕಣಿ ಅಮ್ಮ ಕಿಟಕಿಯಿಂದ ಇಣುಕುತ್ತಾರೆ. ಎರಡನೆಯದು ಕತ್ತಲೆ. ಅರ್ಧ ಸಿನಿಮಾದಲ್ಲಿ ಯಾರು ಯಾರನ್ನು ಕೊಂದರೆಂದು ತಿಳಿಯುವುದಿಲ್ಲ, ಕಪ್ಪು ಪರದೆಯಲ್ಲಿ ಕಾಣುವುದು ಸೋಫಾದಲ್ಲಿ ಕೂತ ನಮ್ಮಿಬ್ಬರ ಮುಖಗಳೇ. ಮೂರನೆಯ ತಕರಾರು ನನ್ನ ಸ್ವಂತದ್ದು. ಕರಾವಳಿಯ ಕತೆ ಎನ್ನುತ್ತಾರೆ, ಕಡಲು ತೋರಿಸುತ್ತಾರೆ, ಆಮೇಲೆ ನೋಡಿದರೆ ಎಲ್ಲರೂ ಮಂಗಳೂರಿನವರಂತೆ ಮಾತಾಡುತ್ತಾರೆ. ನಮ್ಮ ಕುಮಟಾ ಹೊನ್ನಾವರದವರಿಗೆ ನಾಲಿಗೆಯೇ ಇಲ್ಲವೇ?

ಹೊಸದೆಲ್ಲ ಕಸ ಎನ್ನುವವಳೂ ನಾನಲ್ಲ. ಈಚೆಗೆ ಸಣ್ಣ ಸಣ್ಣ ಸಿನಿಮಾಗಳು ಬರುತ್ತವೆ, ಹೆಸರು ಗೊತ್ತಿಲ್ಲದ ನಟರು. ಒಂದರಲ್ಲಿ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಾಳೆ, ಅಷ್ಟೇ. ಸಂಗೀತವಿಲ್ಲ, ಕಣ್ಣೀರಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನು ನೋಡಿ ನನಗೆ ಅಳು ಬಂತು. ಹಳೆಯ ಸಿನಿಮಾದಲ್ಲಾಗಿದ್ದರೆ ಅವಳು ತೊಳೆಯುವ ತಪ್ಪಲೆಯನ್ನು ಎದೆಗವಚಿಕೊಂಡು ಹಾಡು ಹೇಳಬೇಕಿತ್ತು. ನನ್ನ ಗಂಡನಿಗೆ ಮಾತ್ರ ಆ ಸಿನಿಮಾ ಸೇರಲಿಲ್ಲ. ‘ನಳ ಬಂದ್ ಮಾಡೂಕೆ ಹೇಳೆ ಅವ್ಳಿಗೆ’ ಎಂದರು. ನಳದಿಂದ ನೀರು ಹಾಗೆ ಸುರಿಯುತ್ತಿದ್ದುದನ್ನು ಅವರಿಗೆ ನೋಡಲಾಗಲಿಲ್ಲ. ಆ ದಿನವೇ ನನಗೆ ಗೊತ್ತಾದದ್ದು, ನಾವಿಬ್ಬರೂ ಒಂದೇ ಸಿನಿಮಾ ನೋಡುತ್ತಿಲ್ಲ ಎಂದು. ಅವರು ಬರೀ ನೀರನ್ನು ನೋಡುತ್ತಿದ್ದರು.

ಅಲ್ಲಿಂದ ನನ್ನದೊಂದು ಹೊಸ ಕೆಲಸ ಶುರುವಾಯಿತು. ಮೊಬೈಲಿನಲ್ಲಾದರೆ ಜಲಪಾತ, ಮಳೆಯ ಹಾಡು, ಬಾವಿಕಟ್ಟೆ ಬಂದ ಕೂಡಲೇ ಮುಂದಕ್ಕೆ ಓಡಿಸುತ್ತೇನೆ. ಟೀವಿಯಲ್ಲಿ ಓಡಿಸಲು ಬರುವುದಿಲ್ಲ, ಏನೋ ಹುಡುಕುವವಳ ಹಾಗೆ ಅಡ್ಡ ನಿಲ್ಲುತ್ತೇನೆ. ‘ಕಾಣೂದಿಲ್ಲ, ಬದಿಗೆ ಸರಿ ಮಾರಾಯ್ತಿ’ ಎನ್ನುತ್ತಾರೆ. ಸಾರಾಯಿ ಕುಡಿಯುವ ದೃಶ್ಯ ಬಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಹಾಕುತ್ತಾರಲ್ಲ, ನೀರು ಕುಡಿಯುವ ದೃಶ್ಯಕ್ಕೂ ಹಾಕಬೇಕಿತ್ತು ಎಂದು ನಾನೊಮ್ಮೆ ಹೇಳಿದೆ. ಅವರು ಜೋರಾಗಿ ನಕ್ಕರು. ನಕ್ಕಾಗ ಒಣಗಿದ ತುಟಿ ಬಿರಿಯಿತು. ನನಗೆ ಯಾಕಾದರೂ ನಗಿಸಿದೆನೋ ಎನ್ನಿಸಿತು.

ಕಿಡ್ನಿಯ ವಿಷಯದಲ್ಲಂತೂ ಹಳೆಯದು ಹೊಸದು ಎರಡನ್ನೂ ನಾನು ಕ್ಷಮಿಸುವುದಿಲ್ಲ. ಸಿನಿಮಾದಲ್ಲಿ ಕಿಡ್ನಿ ಕೊಡುವುದು ಎಷ್ಟು ಸುಲಭ! ‘ನನ್ನದನ್ನು ತಗೊಳ್ಳಿ ಡಾಕ್ಟರ್’ ಎಂದು ಒಬ್ಬ ಅಂಗಿಯ ತೋಳು ಮಡಚುತ್ತಾನೆ. ಅಂಗಿಯ ತೋಳಿಗೂ ಕಿಡ್ನಿಗೂ ಏನು ಸಂಬಂಧ? ಕೆಂಪು ದೀಪ ಹೊತ್ತುತ್ತದೆ, ಆರುತ್ತದೆ, ಡಾಕ್ಟರು ಕನ್ನಡಕ ತೆಗೆಯುತ್ತಾರೆ, ಮುಂದಿನ ದೃಶ್ಯದಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಮಲಗಿ ನಗುತ್ತಿರುತ್ತಾರೆ. ನಾವೂ ಹಾಗೆಯೇ ನಂಬಿಕೊಂಡು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿದ್ದೆವು. ನನ್ನ ರಕ್ತ ಅವರಿಗೆ ಹೊಂದಲಿಲ್ಲ. ಅವರ ಅಕ್ಕನದು ಹೊಂದಿತು. ಆದರೆ ಅಕ್ಕನಿಗೆ ಸಕ್ಕರೆ ಕಾಯಿಲೆ, ಅವಳದನ್ನು ತೆಗೆಯುವಂತಿಲ್ಲ ಎಂದು ಡಾಕ್ಟರು ಹೇಳಿದರು.

ಈ ಅಕ್ಕ, ಅಂದರೆ ನನ್ನ ಅತ್ತಿಗೆ, ಇರುವುದು ಕುಮಟಾದ ಹತ್ತಿರದ ಬಾಡದಲ್ಲಿ. ಹುಟ್ಟಿದ್ದೂ ಅಲ್ಲೇ, ಕೊಟ್ಟದ್ದೂ ಅಲ್ಲೇ. ನನ್ನ ಅತ್ತೆ ಗದ್ದೆ ಕೆಲಸಕ್ಕೆ ಹೋದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಡಾಕ್ಟರು ಆಗದು ಎಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ‘ನಂದು ಎಂತ ಆದ್ರೂ ಆಗ್ಲಿ, ಬರ್ದು ಕೊಡ್ತೆ, ತೆಗೀರಿ’ ಎಂದು ಕೈಮುಗಿದಳು. ಅವರು ತೆಗೆಯಲಿಲ್ಲ. ಊರಿಗೆ ಬರುವವರೆಗೂ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮಾತಿಗೆ ನಿಂತರೆ ಬಸ್ಸೇ ನಿಲ್ಲಿಸುವವಳು.

ಹೋದ ಬೇಸಿಗೆಯ ಮಾತು. ಮಾರನೆಯ ದಿನ ಡಯಾಲಿಸಿಸ್ ಇತ್ತು. ಲೈನಿಂಗ್ ಬಟ್ಟೆ ತರಲೆಂದು ನಾನು ಕುಮಟಾಕ್ಕೆ ಹೋಗಿದ್ದೆ. ಮಧ್ಯಾಹ್ನ ಬರುವಾಗ ಅಂಗಳದಲ್ಲಿ ತೆಂಗಿನ ಬುಡಕ್ಕೆ ಕುಡಿದು ಎಸೆದ ಎರಡು ಬೊಂಡದ ಚಿಪ್ಪುಗಳು ಬಿದ್ದಿದ್ದವು. ಬೊಂಡ ಅಂದರೆ ನಮ್ಮ ಕಡೆ ಎಳನೀರು. ನೋಡಿದ ಕೂಡಲೇ ಬಟ್ಟೆಯ ಚೀಲ ಜಗಲಿಯಲ್ಲೇ ಬಿಟ್ಟು ಓಡಿದೆ. ಒಳಗೆ ಅಕ್ಕ ತಮ್ಮ ಇಬ್ಬರೂ ಟೀವಿಯ ಮುಂದೆ ಕೂತು ಅಳುತ್ತಿದ್ದರು. ಹಳೆಯ ಅಣ್ಣ ತಂಗಿಯ ಸಿನಿಮಾ. ಬಡ ತಂಗಿ ಅಣ್ಣನಿಗೆಂದು ಸೆರಗಿನಲ್ಲಿ ಮುಚ್ಚಿಕೊಂಡು ಪಾಯಸ ತಂದಿದ್ದಾಳೆ, ಅಣ್ಣನ ಹೆಂಡತಿಯಾದ ಅತ್ತಿಗೆ ಅದನ್ನು ಬಾಗಿಲಲ್ಲೇ ತಡೆಯುತ್ತಾಳೆ. ಇಂಥ ಸಿನಿಮಾಗಳಲ್ಲಿ ಅತ್ತಿಗೆಯಾದವಳು ಒಳ್ಳೆಯವಳಾಗಿದ್ದನ್ನು ನಾನು ಕಂಡಿಲ್ಲ.

‘ಬಂದ್ಯಾ ತಂಗಿ? ಎರಡೂ ಕುಡ್ದ ನೋಡು. ಹ್ಯಾಂಗೆ ಮುಖಕ್ಕೆ ಕಳೆ ಬಂತು!’ ಎಂದಳು ನನ್ನ ಅತ್ತಿಗೆ, ಕಣ್ಣೊರೆಸಿಕೊಂಡು ನಗುತ್ತ. ಮೇಲಿನ ಸಿಪ್ಪೆ ಕೆತ್ತಿ, ಬಸ್ಸಿನಲ್ಲಿ ಉರುಳದಂತೆ ಚೀಲದಲ್ಲಿ ಸೀರೆ ಸುತ್ತಿ ತಂದಿದ್ದಳು. ನೀರು ಕಡಿಮೆ ಕುಡಿಯಬೇಕು ಎಂದು ಮಾತ್ರ ನಾವು ಅವಳಿಗೆ ಹೇಳಿದ್ದೆವು, ಅವಳು ನೀರು ಕೊಟ್ಟಿರಲಿಲ್ಲ. ನಮ್ಮ ಕಡೆ ಬೊಂಡವನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜ್ವರಕ್ಕೆ ಬೊಂಡ, ಬಾಣಂತಿಗೆ ಬೊಂಡ, ಮಗುವಿಗೆ ಉಚ್ಚೆ ಉರಿದರೆ ಬೊಂಡ. ಮೂತ್ರ ಕಟ್ಟಿದವನಿಗೆ ಬೊಂಡವಲ್ಲದೆ ಇನ್ನೇನು ಕೊಡುವುದು? ಕಾಯಿಲೆಯವರನ್ನು ನೋಡಲು ಪೇಟೆಯವರು ಸೇಬು ಹಿಡಿದು ಹೋಗುತ್ತಾರೆ, ನಾವು ಬೊಂಡ ಹಿಡಿದು ಹೋಗುತ್ತೇವೆ. ಕಿಡ್ನಿ ಕೆಟ್ಟವರಿಗೆ ಅದರಲ್ಲಿರುವ ಉಪ್ಪಿನಂಥ ಏನೋ ಒಂದು ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಹುದು ಎಂದು ಡಾಕ್ಟರು ನಮಗಿಬ್ಬರಿಗೂ ಬಿಡಿಸಿ ಹೇಳಿದ್ದರು. ನನ್ನ ಗಂಡ ನನ್ನ ಮುಖ ನೋಡಲಿಲ್ಲ, ಟೀವಿಯನ್ನೇ ನೋಡುತ್ತಿದ್ದರು. ಅಷ್ಟು ಖುಷಿಯಾಗಿದ್ದವಳ ಎದುರು ಹೇಳಲು ನನಗೂ ಮನಸ್ಸಾಗಲಿಲ್ಲ, ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ ಎಂದುಕೊಂಡು ಊಟಕ್ಕೆ ಬಡಿಸಿದೆ. ಊಟ ಮಾಡಿ ಅವಳು ಬಸ್ಸಿಗೆ ಹೋದಳು.

ಸಂಜೆ ಅವರು ಏಳಲು ಹೋದರೆ ಕಾಲು ಬರಲಿಲ್ಲ. ತುಟಿ ಜುಮುಜುಮು ಎನ್ನುತ್ತದೆ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ ಎಂದರು. ಓಣಿಯ ತುದಿಯ ಆಟೋ ಕರೆಸಿ ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಎದೆಗೆ ವಯರು ಅಂಟಿಸಿದರು, ಪರದೆಯ ಮೇಲೆ ಗೆರೆ ಓಡತೊಡಗಿತು. ಸಿನಿಮಾದಲ್ಲಿ ಆ ಗೆರೆ ನೆಟ್ಟಗಾದರೆ ಮನುಷ್ಯ ಸತ್ತ, ಕುಣಿದರೆ ಬದುಕಿದ. ಇಲ್ಲಿ ನೆಟ್ಟಗೂ ಆಗಲಿಲ್ಲ, ಕುಣಿಯಲೂ ಇಲ್ಲ. ಅಗಲ ಅಗಲವಾಗಿ, ನಿದ್ದೆ ಬಂದವರ ಹಾಗೆ ನಿಧಾನವಾಗಿ ಏಳುತ್ತ ಬೀಳುತ್ತ ಹೋಗುತ್ತಿತ್ತು. ನರ್ಸುಗಳ ಮುಖ ನೋಡಿ ಅದೇ ಕೆಟ್ಟದ್ದು ಎಂದು ತಿಳಿದುಕೊಂಡೆ. ಸೂಜಿಯ ಮೇಲೆ ಸೂಜಿ ಕೊಟ್ಟು ಯಂತ್ರಕ್ಕೆ ಹಾಕಿದರು.

‘ಏನು ತಿಂದರು?’ ಎಂದು ಡಾಕ್ಟರು ಕೇಳಿದರು.

‘ಎಳನೀರು ಕುಡಿದರು.’

‘ಎಳನೀರಾ? ಯಾರು ಕೊಟ್ಟಿದ್ದು?’

ಸಿನಿಮಾದವಳಾಗಿದ್ದರೆ ನಾನು ಈ ಹೊತ್ತಿಗೆ ತಲೆಗೂದಲು ಬಿಚ್ಚಿಕೊಂಡು ದೇವಸ್ಥಾನಕ್ಕೆ ಓಡಿ ಗಂಟೆಗಳನ್ನೆಲ್ಲ ಬಾರಿಸಿ ದೇವಿಯ ಹತ್ತಿರ ಜಗಳವಾಡಬೇಕಿತ್ತು. ಹಾಗೆ ಓಡುವ ಹೆಂಗಸರನ್ನು ನೋಡಿ ಎಷ್ಟೋ ಸಲ ನಕ್ಕಿದ್ದೇನೆ. ಅವರಿಗೆ ಓಡಲು ಒಂದು ಜಾಗವಾದರೂ ಇತ್ತು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಡನ ಚಪ್ಪಲಿ ಹಿಡಿದುಕೊಂಡು ಕೂತಿದ್ದೆ.

ಬದುಕಿ ಬಂದರು. ಮನೆಗೆ ಬಂದ ಮೇಲೆ, ಮಂಚಕ್ಕೆ ಒರಗಿ ಕೂತವರು ಮೊದಲು ಆಡಿದ ಮಾತು, ‘ಅಕ್ಕನ ಹತ್ರ ಹೇಳ್ಬೇಡ.’

‘ಗೊತ್ತಿದ್ದೂ ಕುಡಿದ್ರಾ?’

‘ಗೊತ್ತಿತ್ತು.’

‘ಮತ್ತೆ ಎಂತಕ್ಕೆ?’

‘ಅಳ್ತಾ ಇದ್ಲು. ಅಳ್ತಾ ಅಳ್ತಾ ಕೊಟ್ಲು. ಅವಳ ಕಿಡ್ನಿ ಬ್ಯಾಡ ಅಂದಾತು. ಬೊಂಡಾನೂ ಬ್ಯಾಡ ಅಂದ್ರೆ ಅವ್ಳು ಮತ್ತೆ ಎಂತ ಕೊಡೂದು ಹೇಳು?’ ಆಮೇಲೆ ಹೊದಿಕೆ ಸರಿಮಾಡಿಕೊಳ್ಳುತ್ತ, ‘ಆಸೆನೂ ಆಗಿತ್ತು’ ಎಂದರು.

ನನಗೆ ಕೆಟ್ಟ ಸಿಟ್ಟು ಬಂತು. ‘ನೀವು ಸತ್ತಿದ್ರೆ ಅವ್ಳು ಬದುಕ್ತಿದ್ಲಾ? ನಾ ಇವತ್ತೇ ಫೋನ್ ಮಾಡಿ ಹೇಳ್ತೆ, ಬೊಂಡ ತರೂದು ಬ್ಯಾಡ ಅಂತ ಡಾಕ್ಟರು ಹೇಳಿದ್ರು ಅಂತ’ ಎಂದೆ.

‘ಹೇಳು. ಯಾವತ್ತು ಹೇಳಿದ್ರು ಅಂತ ಕೇಳ್ತಾಳೆ. ಆ ದಿನ ಸಂಜೆ ಆಸ್ಪತ್ರೆಗೆ ಹಾಕಿದ್ದು ಅವ್ಳಿಗೆ ಗೊತ್ತಿಲ್ವಾ? ಎರಡೂ ಕೂಡಿಸಿ ನೋಡೂಕೆ ಅವ್ಳಿಗೆ ಎಷ್ಟು ಹೊತ್ತು ಬೇಕು?’

ಅದು ನಿಜವಾಗಿತ್ತು. ತಮ್ಮನನ್ನು ತಾನೇ ಕೊಲ್ಲಲು ಹೊರಟಿದ್ದೆ ಎಂದು ತಿಳಿದರೆ ಅವಳು ಉಣ್ಣುವುದು ಬಿಡುತ್ತಾಳೆ, ಸಕ್ಕರೆ ಕಾಯಿಲೆಯವಳು. ಹೇಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಹಳೆಯ ಸಿನಿಮಾಗಳ ಬಗ್ಗೆ ನನಗಿದ್ದ ದೊಡ್ಡ ದೂರೇ ಇದು. ಒಬ್ಬರು ಬಾಯಿಬಿಟ್ಟು ನಿಜ ಹೇಳಿದರೆ ಎಲ್ಲ ಅಲ್ಲೇ ಮುಗಿಯುತ್ತದೆ. ಆದರೂ ಹೇಳುವುದಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡಲು ಮುಚ್ಚಿಟ್ಟುಕೊಂಡು ಒದ್ದಾಡುತ್ತಾರೆ. ‘ಹೇಳೇ, ಬಾಯಿ ಬಿದ್ದಿತ್ತಾ ನಿಂದು?’ ಎಂದು ನಾನು ಎಷ್ಟು ನಾಯಕಿಯರಿಗೆ ಬೈದಿಲ್ಲ. ಹೊಸ ಸಿನಿಮಾದವರು ಇದರಲ್ಲಿ ಮೇಲು, ಮುಖಕ್ಕೆ ಹೊಡೆದಂತೆ ಹೇಳಿ ಎದ್ದು ಹೋಗುತ್ತಾರೆ ಎಂದು ಹೊಗಳುತ್ತಿದ್ದೆ. ಈಗ ನಮ್ಮ ಮನೆಯಲ್ಲೇ ಅಂಥ ಹಳೆಯ ಸಿನಿಮಾ ನಡೆಯುತ್ತಿದೆ, ನನ್ನ ಬಾಯೇ ಕಟ್ಟಿದೆ. ನಾಯಕಿಯರ ಹತ್ತಿರ ಕ್ಷಮೆ ಕೇಳಬೇಕು ಎನ್ನಿಸುವುದಿಲ್ಲ. ಅವರ ಮೇಲೆ ಈಗಲೂ ಸಿಟ್ಟೇ, ನನ್ನ ಮೇಲೂ ಸಿಟ್ಟು.

ಮೊನ್ನೆ ಅತ್ತಿಗೆ ಮತ್ತೆ ಬಂದಳು. ಬರುವ ಸುದ್ದಿ ಹಿಂದಿನ ದಿನವೇ ಗೊತ್ತಾಗಿ ನಾನು ದಾರಿ ಕಾಯುತ್ತಿದ್ದೆ. ಬೇಲಿಯ ಹತ್ತಿರವೇ ಹೋಗಿ ಚೀಲ ಇಸಿದುಕೊಂಡೆ. ಭಾರವಿತ್ತು, ಒಳಗೆ ಕೈಹಾಕದೆಯೇ ತಿಳಿಯಿತು. ‘ಅವ್ರು ಈಗಷ್ಟೇ ಉಂಡಾತು ಅತ್ಗೆ, ಆಮೇಲೆ ಕೊಟ್ರಾತು’ ಎಂದೆ. ‘ಉಂಡ ಮೇಲೇ ಒಳ್ಳೇದು’ ಎಂದವಳೇ ಅಡುಗೆಮನೆಗೆ ಹೋಗಿ ಕತ್ತಿ ತಂದು, ಜಗಲಿಯಲ್ಲಿ ಕೂತು ಒಂದು ಬೊಂಡದ ಬಾಯಿ ಕೆತ್ತಿ ನನ್ನ ಕೈಗಿಟ್ಟಳು. ‘ಮಲಗಿದ್ರೆ ಎಬ್ಬಿಸ್ಬೇಡ, ತಲೆ ಎತ್ತಿ ಕುಡಿಸು. ಚಿಪ್ಪು ಇಲ್ಲಿ ತಾ, ಒಡೆದು ಒಳಗಿನ ಕೆನೆ ತೆಗೆದು ಕೊಡ್ತೆ’ ಎಂದು ಟೀವಿಯ ಮುಂದೆ ಕೂತಳು. ಯಾವುದೋ ಹೊಸ ಸಿನಿಮಾ ಬರುತ್ತಿತ್ತು. ‘ಇದ್ರಲ್ಲಿ ಎಲ್ಲಾ ಕಪ್ಪೇ, ಎಂತ ಕಾಣೂದಿಲ್ಲ’ ಎಂದು ಗೊಣಗುತ್ತಲೇ ನೋಡತೊಡಗಿದಳು.

ನಾನು ಒಳಗಿನ ಕೋಣೆಗೆ ಹೋಗಿ ಪರದೆ ಎಳೆದೆ. ಅವರು ಮಲಗಿರಲಿಲ್ಲ. ನನ್ನ ಕೈಯಲ್ಲಿದ್ದುದನ್ನು ನೋಡಿ ಎದ್ದು ಕೂತರು. ಬಾಟಲಿ ಆಗಲೇ ಖಾಲಿಯಾಗಿತ್ತು. ಅವರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು ಕಾಣಿಸಿತು. ಕಿಟಕಿಯಿಂದ ಚೆಲ್ಲೋಣವೆಂದರೆ ಸದ್ದು ಜಗಲಿಗೆ ಕೇಳುತ್ತದೆ. ಹಾಗೇ ಹೊರಗೆ ಒಯ್ದರೆ ಚಿಪ್ಪು ಹಿಡಿದ ಕೂಡಲೇ ಅವಳಿಗೆ ಭಾರ ತಿಳಿಯುತ್ತದೆ. ಬೇರೆ ದಾರಿ ಹೊಳೆಯಲಿಲ್ಲ. ನಾನು ಅವರ ಮಂಚದ ಪಕ್ಕದಲ್ಲಿ ನಿಂತು ಬೊಂಡ ಎತ್ತಿ ಕುಡಿಯತೊಡಗಿದೆ. ಬೇಗ ಮುಗಿಸಬೇಕೆಂದರೆ ದೊಡ್ಡ ಕಾಯಿ, ಮುಗಿಯುವುದೇ ಇಲ್ಲ. ಕಣ್ಣು ಮುಚ್ಚಿಕೊಂಡೆ. ನಾನು ನುಂಗುವ ಸದ್ದು ಆ ಸಣ್ಣ ಕೋಣೆಯಲ್ಲಿ ಅಷ್ಟು ಜೋರಾಗಿ ಕೇಳುತ್ತಿತ್ತು. ಅವರು ಬೇರೆ ಕಡೆ ನೋಡಬಹುದಿತ್ತು, ನೋಡಲಿಲ್ಲ.

ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡೆ. ‘ಹ್ಯಾಂಗಿತ್ತು?’ ಎಂದು ಮೆಲ್ಲಗೆ ಕೇಳಿದರು.

‘ಸಪ್ಪೆ’ ಎಂದೆ.

ಹೊರಗಿನಿಂದ ಅತ್ತಿಗೆ ಕೂಗಿ ಕೇಳಿದಳು, ‘ಕುಡ್ದನಾ ತಂಗಿ?’

ನಾನು ಬಾಯಿ ತೆರೆಯುವ ಮೊದಲೇ ಅವರು, ಒಣಗಿದ ಗಂಟಲನ್ನು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು, ‘ಕುಡ್ದಾತು ಅಕ್ಕಾ. ಭಾರೀ ಸಿಹಿ ಇತ್ತು.’

ಆಮೇಲೆ ನನ್ನ ಕಡೆ ತಿರುಗಿ, ‘ಇತ್ತಲ್ದಾ?’ ಎಂದರು.